ಒಮಾನಿನ ಚಳಿಗೆ ಕಾಪುವಿನ ಟರ್ಪಾಲು

ವಾದಿ ಕಬೀರ್

ಗಲ್ಫಿಗೆ ಹೋಗುವವರ ಪೆಟ್ಟಿಗೆಯಲ್ಲಿ ಏನಿರುತ್ತದೆ ಎಂದು ನಮ್ಮ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಪರಿಚಯವೇ ಇಲ್ಲದ ಯಾರದೋ ಮಗುವಿಗೆ ಅಜ್ಜಿ ಕಳಿಸಿದ ಬೆಳ್ಳಿಯ ಉಡಿದಾರ. ನನ್ನ ಪೆಟ್ಟಿಗೆಯಲ್ಲಿ ಇವುಗಳ ಜೊತೆಗೆ ಒಂಬತ್ತು ಕಿಲೋ ತೂಕದ ನೀಲಿ ಟರ್ಪಾಲು ಇತ್ತು. ನಾಲ್ಕು ಹನಿ ಬಿದ್ದರೆ ಜನ ಕಾರು ನಿಲ್ಲಿಸಿ ಫೋಟೋ ತೆಗೆಯುವ ದೇಶಕ್ಕೆ, ಸೌದೆ ಮುಚ್ಚುವ ಟರ್ಪಾಲನ್ನು ವಿಮಾನದಲ್ಲಿ ಕೊಂಡೊಯ್ದ ಮೊದಲ ಮಹಾನುಭಾವ ನಾನೇ ಇರಬೇಕು. ಮಸ್ಕತ್ತಿನ ಕಸ್ಟಮ್ಸ್ ಅಧಿಕಾರಿ ಅದನ್ನು ಬಿಡಿಸಿದ, ತಿರುಗಿಸಿದ, ಮೂಸಿ ಕೂಡ ನೋಡಿದ. ಮಡಚುವುದು ಮಾತ್ರ ಅವನಿಂದಾಗಲಿಲ್ಲ. ಮೂವತ್ತೆರಡು ವರ್ಷ ಮಕ್ಕಳಿಗೆ ಕವಾಯತು ಮಾಡಿಸಿದ ನಿವೃತ್ತ ಡ್ರಿಲ್ ಮಾಸ್ಟರ್ ನಾನು, ವಿಮಾನ ನಿಲ್ದಾಣದ ನೆಲದ ಮೇಲೆ ಮಂಡಿಯೂರಿ ಅದನ್ನು ಮಡಚಿದೆ.

ತರಲು ಹೇಳಿದವನು ನನ್ನ ತಂಗಿ ಲಿಲ್ಲಿಯ ಗಂಡ ಡೆನಿಸ್. ಮಸ್ಕತ್ತಿನ ವಾದಿ ಕಬೀರಿನ ಒಂದು ಗ್ಯಾರೇಜಿನಲ್ಲಿ ಇಪ್ಪತ್ತಾರು ವರ್ಷ ಕಾರುಗಳ ಡೊಂಕು ತಿದ್ದಿದವನು. ಡೊಂಕು ತಿದ್ದುವ ಕೆಲಸ ಮುಗಿದು, ಇನ್ನೆರಡು ತಿಂಗಳಲ್ಲಿ ಇಬ್ಬರೂ ನಮ್ಮ ಊರು ಕಾಪುವಿಗೆ ಮರಳುವವರಿದ್ದರು. ನಾವು ಮನೆಯಲ್ಲಿ ಆಡುವುದು ಕೊಂಕಣಿ. ಓದುವವರಿಗೆ ಅನುಕೂಲವಾಗಲೆಂದು ಅವರ ಮಾತುಗಳನ್ನು ಉಡುಪಿ ಕಡೆಯ ಕನ್ನಡದಲ್ಲೇ ಕೊಡುತ್ತಿದ್ದೇನೆ.

"ಭಾವ, ಇಲ್ಲಿಯ ಟರ್ಪಾಲಿಗೆ ದಮ್ಮಿಲ್ಲ ಮಾರಾಯ್ರೆ. ಕಾಪುವಿನದ್ದೇ ಆಗ್ಬೇಕು," ಎಂದು ಡೆನಿಸ್ ಅದನ್ನು ಎದೆಗವಚಿಕೊಂಡ. ನನ್ನನ್ನು ಅಪ್ಪಿಕೊಳ್ಳುವುದು ಅವನಿಗೆ ನೆನಪಾದದ್ದು ಆಮೇಲೆ.

ಟರ್ಪಾಲಿನ ಹಿಂದೆ ಒಂದು ಪಂದ್ಯವಿತ್ತು. ಡೆನಿಸ್ ಒಂದು ಹಳೆಯ ಕಾರವಾನ್ ಕೊಂಡಿದ್ದ. ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ, ಚಕ್ರವಿರುವ ಮನೆ. ಹದಿನಾಲ್ಕು ಅಡಿ ಉದ್ದ, ಆರೂವರೆ ಅಡಿ ಅಗಲ. ಊರಿನಲ್ಲಿ ನನ್ನ ಮನೆಯ ಪಕ್ಕದ ಜಾಗದಲ್ಲಿ ಮನೆ ಕಟ್ಟುವುದು ಬೇಡ, ಇಂಥದ್ದೇ ಒಂದನ್ನು ತಾನೇ ತಯಾರಿಸಿ ಇಡುತ್ತೇನೆ, ಬೇಸರ ಬಂದಾಗ ಎಳೆದುಕೊಂಡು ಗೋವಾಕ್ಕೋ ವೇಳಾಂಗಣಿಗೋ ಹೋಗಬಹುದು ಎಂಬುದು ಅವನ ವಾದ. ಲಿಲ್ಲಿ ಈ ದೇಶದಲ್ಲಿ ಹನ್ನೊಂದು ಬಾಡಿಗೆ ಮನೆ ಬದಲಿಸಿದವಳು. ಪ್ರತಿ ಮನೆಯಲ್ಲೂ ಕುಂಡದಲ್ಲಿ ಕರಿಬೇವು ನೆಟ್ಟು, ಅದು ಒಗ್ಗರಣೆಗೆ ಸಿಗುವಷ್ಟು ಬೆಳೆಯುವಾಗ ಬಿಟ್ಟು ಬಂದವಳು. ಅವಳಿಗೆ ಬೇಕಿದ್ದದ್ದು ಕದಲದ ಹೊಸ್ತಿಲು.

ತೀರ್ಮಾನ ಹೀಗಾಗಿತ್ತು: ಒಮಾನಿನಲ್ಲಿ ಅತಿ ಚಳಿ ಇರುವ ಶಮ್ಸ್ ಬೆಟ್ಟದ ಮೇಲೆ ಇಬ್ಬರೂ ಮೂವತ್ತು ದಿನ ಕಾರವಾನಿನಲ್ಲಿ ಬದುಕಬೇಕು. "ಕೆಳಗೆ ಇಳಿಯುವ", ಅಂದರೆ ಇಳಿಯೋಣ, ಎಂದು ಯಾರು ಮೊದಲು ಹೇಳುತ್ತಾರೋ ಅವರು ಸೋತ ಹಾಗೆ. ಡೆನಿಸ್ ಸೋತರೆ ಮನೆ. ಲಿಲ್ಲಿ ಸೋತರೆ ಚಕ್ರ. ಅಷ್ಟು ದಿನಕ್ಕೆ ನನ್ನ ವೀಸಾ ಸಾಕಾಗುತ್ತಿತ್ತು, ಮತ್ತು ನನ್ನ ಕೊರಳಲ್ಲಿ ಈಗಲೂ ಸೀಟಿ ಇರುತ್ತದೆ. ಅಂಪೈರ್ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಹೆಂಡತಿ ತೀರಿಕೊಂಡು ಆರು ವರ್ಷವಾಗಿ, ಒಂಟಿ ಮನೆಯಲ್ಲಿ ಗೋಡೆಗಳಿಗೆ ಅಟೆನ್ಷನ್ ಹೇಳುತ್ತಿದ್ದವನಿಗೆ ಇದೊಂದು ಪ್ರಮೋಷನ್ ಎನಿಸಿತು.

ಹತ್ತುವ ದಾರಿ

ಕ್ರಿಸ್ಮಸ್ ಕಳೆದ ನಾಲ್ಕನೆಯ ದಿನ ಹೊರಟೆವು. ಡೆನಿಸ್ ಗ್ಯಾರೇಜಿನ ದೊಡ್ಡ ಗಾಡಿ ಓಡಿಸುತ್ತಿದ್ದ. ನಾನು ಪಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ಲಿಲ್ಲಿ, ಮಡಿಲಲ್ಲಿ ಹನ್ನೆರಡನೆಯ ಕರಿಬೇವಿನ ಕುಂಡ. ಅದಕ್ಕೆ ಸೀಟ್ ಬೆಲ್ಟ್ ಹಾಕಿದ್ದಳು, ತನಗೆ ಹಾಕಿರಲಿಲ್ಲ.

ಒಮಾನಿನ ರಸ್ತೆಗಳ ಬಗ್ಗೆ ನಾನು ಕೆಟ್ಟ ಮಾತು ಆಡಲಾರೆ. ಆಡಲು ಮನಸ್ಸಿದೆ, ಆದರೆ ಅವು ಅವಕಾಶ ಕೊಡುವುದಿಲ್ಲ. ನಮ್ಮ ಊರಿನ ಹೊಂಡಗಳಿಗೆ ಒಗ್ಗಿದ ಬೆನ್ನೆಲುಬು ಅಷ್ಟು ನುಣುಪಿನಲ್ಲಿ ಕಂಗಾಲಾಗಿ ಹೋಯಿತು. ಬೆಟ್ಟದ ಮೇಲಿನ ಭಾಗದಲ್ಲಿ ಡಾಂಬರು ಮುಗಿದು ಜಲ್ಲಿ ಶುರುವಾದಾಗ ಮಾತ್ರ ಅದಕ್ಕೆ ತವರು ಕಂಡಂತಾಯಿತು. ತಿರುವುಗಳಲ್ಲಿ ಕಾರವಾನ್ ಹಿಂದಿನಿಂದ ಹಗ್ಗ ಜಗ್ಗುವ ಎಮ್ಮೆಯ ಹಾಗೆ ಜಗ್ಗುತ್ತಿತ್ತು. ಒಂದು ಕಡೆ ಸಾವಿರಾರು ಅಡಿ ಪ್ರಪಾತ, ಇನ್ನೊಂದು ಕಡೆ ಡೆನಿಸನ ಭಾಷಣ.

"ನೋಡಿ ಭಾವ, ಈ ಚಳಿ ತಡೆದ್ರೆ ಕಾಪುವಿನ ಮಳೆ ಎಂತ? ಎಂತದ್ದೂ ಇಲ್ಲ."

ಮೇಲೆ ತಲುಪಿ ಕಾರವಾನಿನ ಬಾಗಿಲು ತೆಗೆದರೆ, ಕಪಾಟಿನ ಬಾಗಿಲುಗಳೆಲ್ಲ ತೆರೆದುಕೊಂಡು ಮೂವತ್ತು ಮೊಟ್ಟೆಗಳೂ ನೆಲದ ಮೇಲೆ ಒಂದಾಗಿದ್ದವು. ಮೊದಲ ಊಟಕ್ಕೆ ಏನೆಂದು ಯಾರೂ ಕೇಳಬೇಕಾಗಲಿಲ್ಲ.

ಮೊದಲ ವಾರ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವನು ಕಾರವಾನಿನಲ್ಲಿ ಮಲಗಿದವನಲ್ಲ. ನನ್ನ ಹಾಸಿಗೆ ನಾಲ್ಕೂಮುಕ್ಕಾಲು ಅಡಿ. ಹಗಲಲ್ಲಿ ಅದೇ ಊಟದ ಮೇಜು. ನಾನು ಮಲಗಬೇಕಾದರೆ ಎಲ್ಲರ ಊಟ ಮುಗಿಯಬೇಕು, ಅವರು ಚಹಾ ಕುಡಿಯಬೇಕಾದರೆ ನಾನು ಏಳಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ಇಲ್ಲಿ ಉಣ್ಣುವುದೂ ಮಲಗುವುದೂ ಒಂದೇ ಹಲಗೆಯಾದ್ದರಿಂದ ಜಗಳಕ್ಕೆ ಎಲ್ಲಿ ಮುಗಿಯಬೇಕೆಂದು ಗೊತ್ತಾಗುತ್ತಿರಲಿಲ್ಲ.

ನಮಗೆ ಗೊತ್ತಿರುವ ಕಷ್ಟಕಾಲ ಒಂದೇ, ಮಳೆಗಾಲ. ಬರುವುದು ಏನೇ ಇರಲಿ, ಕರಾವಳಿಯವರ ಕೈ ತಾನಾಗಿ ಮಳೆಗಾಲದ ತಯಾರಿಗೆ ಹೋಗುತ್ತದೆ. ಲಿಲ್ಲಿ ಹಪ್ಪಳದ ಡಬ್ಬಿ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಒಣ ಸಿಗಡಿ ಎಲ್ಲ ಜೋಡಿಸಿಟ್ಟಳು. ಡೆನಿಸ್ ಕಾರವಾನಿನ ಸುತ್ತ ಗುದ್ದಲಿಯಿಂದ ಚರಂಡಿ ತೋಡಿದ. ನಾನು ಸೀಟಿ ಊದಿ ಅಳತೆ ಸರಿಪಡಿಸಿದೆ. ಆಮೇಲೆ ಇಬ್ಬರೂ ಸೇರಿ ನೀಲಿ ಟರ್ಪಾಲನ್ನು ಮಾಡಿನ ಮೇಲಿಂದ ಚಕ್ರದವರೆಗೆ ಇಳಿಬಿಟ್ಟು ಹಗ್ಗದಿಂದ ಬಿಗಿದೆವು. ದೂರದಿಂದ ನೋಡಿದರೆ ಸೌದೆ ಕೊಟ್ಟಿಗೆಯೊಂದು ಆರು ಸಾವಿರ ಅಡಿ ಮೇಲೆ ದಾರಿ ತಪ್ಪಿ ಬಂದ ಹಾಗಿತ್ತು.

ಇದನ್ನೆಲ್ಲ ಒಬ್ಬ ಮುದುಕ ಬಂಡೆಯ ಮೇಲೆ ಕೂತು ನೋಡುತ್ತಿದ್ದ. ಸಾಲಿಂ. ನೂರು ಹೆಜ್ಜೆ ಆಚೆ ಅವನ ಕಲ್ಲಿನ ಮನೆ, ಹಟ್ಟಿ ತುಂಬ ಕಪ್ಪು ಆಡುಗಳು. ಆಡಿನ ಉಣ್ಣೆಯಿಂದ ಚಾಪೆಯಂಥ ಕಂಬಳಿ ನೇಯುತ್ತಿದ್ದ. ಉದ್ದ ಬಿಳಿ ನಿಲುವಂಗಿಯ ಮೇಲೆ ಸೈನಿಕರ ಹಳೇ ಕೋಟು, ಕಾಲಿಗೆ ಮಾತ್ರ ಬರೀ ಚಪ್ಪಲಿ. ಎಳೆ ವಯಸ್ಸಿನಲ್ಲಿ ಮಸ್ಕತ್ತಿನ ಬಂದರಿನಲ್ಲಿ ನಮ್ಮವರ ಜೊತೆ ದುಡಿದಿದ್ದನಂತೆ, ಹಿಂದಿ ಬರುತ್ತಿತ್ತು.

ಚರಂಡಿಯನ್ನು ನೋಡಿ, ಆಕಾಶವನ್ನು ನೋಡಿ ಕೇಳಿದ, "ಬಾರಿಶ್ ಕಿಧರ್, ಸದೀಕ್?" ಮಳೆ ಎಲ್ಲಿದೆ ಗೆಳೆಯಾ ಎಂದು.

"ಬರಬಹುದು," ಎಂದ ಡೆನಿಸ್. ಮುದುಕ ತಲೆಯಾಡಿಸಿದ. ದೊಡ್ಡವರು ಹುಚ್ಚರಿಗೆ ಎದುರಾಡುವುದಿಲ್ಲ.

ಸಾಲಿಂ ದಿನಾ ಬೆಳಿಗ್ಗೆ ಬರುತ್ತಿದ್ದ. ಬಂದವನು ನೇರವಾಗಿ ವಿಷಯಕ್ಕೆ ಬರುವವನಲ್ಲ. ಸಲಾಮು, ಹೇಗಿದ್ದೀಯ, ಮೈ ಹೇಗಿದೆ, ಮನೆಯವರು ಹೇಗಿದ್ದಾರೆ ಎಂದು ಒಂದೊಂದಾಗಿ ಕೇಳಿ, ಕೊನೆಗೆ "ಶೈ ಉಲೂಮ್?" ಎನ್ನುತ್ತಿದ್ದ. ಏನಾದರೂ ಸುದ್ದಿ ಉಂಟೋ ಎಂದರ್ಥ. ಅದಕ್ಕೆ "ಮಾ ಶೈ" ಎನ್ನಬೇಕು. ಏನೂ ಇಲ್ಲ. ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಏನೂ ಇಲ್ಲ ಎಂದೇ ಹೇಳಿ, ಆಮೇಲೆ ಬೆಂಕಿಯ ವಿಷಯ ಎತ್ತಬೇಕು. ಬೆಟ್ಟದ ನೆತ್ತಿಯಲ್ಲಿ, ಮೂವರು ಮನುಷ್ಯರು ಮತ್ತು ಅರವತ್ತು ಆಡುಗಳ ನಡುವೆ, ನಿನ್ನೆಯಿಂದ ಇವತ್ತಿಗೆ ಯಾವ ಸುದ್ದಿ ಹುಟ್ಟಲು ಸಾಧ್ಯ? ಆದರೂ ಅವನು ಕೇಳುವುದು ಬಿಡಲಿಲ್ಲ. ಚಳಿಗೆ ಬಾಗಿಲು ತೆಗೆಯಲು ನಮಗೆ ಸೋಮಾರಿತನ. ಟರ್ಪಾಲಿನ ಹೊರಗಿಂದ ಅವನು ಕೂಗುತ್ತಿದ್ದ, ಒಳಗಿಂದ ನಾವು ಮೂವರೂ ಶಾಲೆಯ ಮಕ್ಕಳ ಹಾಗೆ "ಮಾ ಶೈ" ಎನ್ನುತ್ತಿದ್ದೆವು.

"ಇವನಿಗೆ ಹಾಜರಿ ಪುಸ್ತಕ ಒಂದು ಕೊಟ್ಟರೆ ಸರಿ," ಎಂದು ನಾನು ನಕ್ಕದ್ದುಂಟು. ಆ ನಗುವಿನ ಬಗ್ಗೆ ಮುಂದೆ ಹೇಳುತ್ತೇನೆ.

ಒಳಗಿನ ಮಳೆ

ಹತ್ತನೆಯ ದಿನದ ಹೊತ್ತಿಗೆ ಚಳಿ ಎಂದರೆ ಏನೆಂದು ತಿಳಿಯಿತು. ಕಾಪುವಿನಲ್ಲಿ ಡಿಸೆಂಬರಿನಲ್ಲಿ ನಾವು ಮಫ್ಲರ್ ಕಟ್ಟಿಕೊಂಡು "ಎಂಥಾ ಚಳಿ ಮಾರಾಯ" ಎಂದು ಹಲ್ಲು ಕಡಿಯುವುದು ಶುದ್ಧ ನಾಟಕ. ಇಲ್ಲಿ ಬೆಳಿಗ್ಗೆ ನಲ್ಲಿಯಲ್ಲಿ ನೀರು ಕಲ್ಲಾಗಿರುತ್ತಿತ್ತು. ಡೆನಿಸ್ ಕೆಟಲ್ ಹಿಡಿದು ಪೈಪಿಗೆ ಬಿಸಿನೀರು ಹೊಯ್ಯುತ್ತಾ ನಿಲ್ಲುತ್ತಿದ್ದ, ದೇವರಿಗೆ ಅಭಿಷೇಕ ಮಾಡುವವರ ಭಕ್ತಿಯಲ್ಲಿ. ತೆಂಗಿನೆಣ್ಣೆಯನ್ನು ಲಿಲ್ಲಿ ಕತ್ತಿಯಿಂದ ಕೆತ್ತಿ ಒಗ್ಗರಣೆಗೆ ಹಾಕುತ್ತಿದ್ದಳು. ಸ್ನಾನದ ವಿಷಯ ಕೇಳಬೇಡಿ. ನಾವೂ ಒಬ್ಬರನ್ನೊಬ್ಬರು ಕೇಳುತ್ತಿರಲಿಲ್ಲ.

ಒಳಗೆ ಗ್ಯಾಸಿನ ಹೀಟರ್ ಇತ್ತು. ಅದನ್ನು ಹಚ್ಚಿದರೆ ಬೆಚ್ಚಗಾಗುತ್ತಿತ್ತು, ಒಂದು ಗಂಟೆಯಲ್ಲಿ ಮಾಡಿನಿಂದ ತೊಟ್ಟಿಕ್ಕಲೂ ಶುರುವಾಗುತ್ತಿತ್ತು. ಹೊರಗೆ ಒಂದು ಹನಿ ಇಲ್ಲ. ಒಳಗೆ ಮಾತ್ರ ಆಟಿ ತಿಂಗಳ ಜಡಿಮಳೆ. ಚಾದರ ಒದ್ದೆ, ದಿಂಬು ಒದ್ದೆ, ಹಪ್ಪಳ ಚರ್ಮದ ಹಾಗೆ ಮೆತ್ತಗೆ. ನಮ್ಮದೇ ಉಸಿರು, ನಮ್ಮದೇ ಗಂಜಿಯ ಹಬೆ ತಣ್ಣನೆಯ ತಗಡಿಗೆ ತಾಗಿ ನೀರಾಗಿ ನಮ್ಮ ಮೇಲೇ ಬೀಳುತ್ತಿದೆ ಎಂದು ನಮಗೆ ಹೊಳೆಯಲಿಲ್ಲ. ಮಳೆ ಎಂದರೆ ಹೊರಗಿಂದ ಒಳಗೆ ಬರುವುದು ಎಂದೇ ನಾವು ಕಲಿತದ್ದು. ನೀರು ಕಂಡ ಕರಾವಳಿಯವನು ಏನು ಮಾಡುತ್ತಾನೆ? ಸಂದು ಮುಚ್ಚುತ್ತಾನೆ. ಡೆನಿಸ್ ಪೇಂಟಿಂಗಿಗೆ ಬಳಸುವ ಅಂಟುಪಟ್ಟಿ ತಂದು ಒಂದೊಂದೇ ಸಂದು ಮುಚ್ಚತೊಡಗಿದ. ಮುಚ್ಚಿದಷ್ಟೂ ಹೆಚ್ಚು ತೊಟ್ಟಿಕ್ಕುತ್ತಿತ್ತು. ತೊಟ್ಟಿಕ್ಕಿದಷ್ಟೂ ಹೆಚ್ಚು ಮುಚ್ಚುತ್ತಿದ್ದ.

ಇಷ್ಟಾದರೂ "ಇಳಿಯುವ" ಎಂಬ ಶಬ್ದ ಯಾರ ಬಾಯಿಂದಲೂ ಬರಲಿಲ್ಲ.

"ಒಳ್ಳೆ ಹವೆ," ಎನ್ನುತ್ತಿದ್ದಳು ಲಿಲ್ಲಿ, ಸೀನಿನ ನಡುವೆ.

"ಆರೋಗ್ಯಕ್ಕೆ ಭಾರೀ ಒಳ್ಳೇದು," ಎನ್ನುತ್ತಿದ್ದ ಡೆನಿಸ್, ಕೆಮ್ಮಿನ ನಡುವೆ.

ಒಂದು ಸಂಜೆ ಡೆನಿಸ್ ನೀರು ತರಲು ಹೋದಾಗ ಲಿಲ್ಲಿ ಕರಿಬೇವಿನ ಕುಂಡವನ್ನು ಶಾಲಿನಲ್ಲಿ ಸುತ್ತುತ್ತಾ ಕೂತಿದ್ದಳು. ಎಲೆಗಳೆಲ್ಲ ಉದುರಿ ಎರಡು ಕಡ್ಡಿ ಉಳಿದಿದ್ದವು. "ಒಂದು ಮಾತು ಹೇಳಿಬಿಡು, ಇಳಿದು ಹೋಗುವ. ಅವನೇನು ನಿನ್ನ ಮಾತು ಮೀರುವವನಾ?" ಎಂದೆ. ಅಂಪೈರ್ ಹೀಗೆ ಹೇಳಬಾರದು, ಗೊತ್ತು.

"ಇಲ್ಲ ಅಣ್ಣ," ಎಂದಳು. "ಇಪ್ಪತ್ತಾರು ವರ್ಷ ಅವರು ಹೇಳಿದಲ್ಲಿಗೆ ಪೆಟ್ಟಿಗೆ ಕಟ್ಟಿದ್ದೇನೆ. ಒಂದು ಸಲವೂ ಬೇಡ ಹೇಳ್ಲಿಲ್ಲ. ಇದೊಂದು ಮಾತ್ರ ನಂಗೆ ಬೇಕು. ಗೋಡೆ ಒದ್ದೆಯಾದ್ರೂ ತೊಂದ್ರೆ ಇಲ್ಲ, ನನ್ನದೇ ಗೋಡೆ ಆಗ್ಬೇಕು."

ನಾನು ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡೆ. ಅವಳ ಮೇಲೆ ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಇಪ್ಪತ್ತಮೂರನೆಯ ದಿನ

ಬೆಳಿಗ್ಗೆಯಿಂದಲೇ ಗಾಳಿ. ಮಧ್ಯಾಹ್ನದ ಹೊತ್ತಿಗೆ ಆಕಾಶ ಕಪ್ಪಾಯಿತು. ಡೆನಿಸನ ಮುಖ ಬೆಳಗಿತು. ಕೊನೆಗೂ ಅವನ ಚರಂಡಿಗೆ ಬೆಲೆ ಬರುವ ಹಾಗಿತ್ತು. ಮಾಡಿನಲ್ಲೊಂದು, ನೆಲದಲ್ಲೊಂದು ಗಾಳಿ ಕಿಂಡಿ ಉಳಿದಿದ್ದವು. "ಅಲ್ಲಿಂದಲೇ ಬರೋದು ಚಳಿ," ಎಂದು ಎರಡಕ್ಕೂ ಬಟ್ಟೆ ತುರುಕಿ ಅಂಟುಪಟ್ಟಿ ಸುತ್ತಿದ. ಟರ್ಪಾಲು ಪಟಪಟ ಹೊಡೆದುಕೊಳ್ಳದಂತೆ ಬಾಗಿಲ ಹತ್ತಿರದ ತುದಿಯನ್ನೂ ಒಳಗಿನಿಂದಲೇ ಎಳೆದು ಕಟ್ಟಿದ. ಹಗ್ಗದ ಇನ್ನೊಂದು ತುದಿ ಹಿಡಿದದ್ದು ನಾನು.

ಗಂಜಿ ಒಲೆಯ ಮೇಲಿತ್ತು, ಹೀಟರ್ ಉರಿಯುತ್ತಿತ್ತು. ಎಷ್ಟೋ ದಿನಗಳ ನಂತರ ಮೈ ಬೆಚ್ಚಗಾಯಿತು. ಹೀಟರಿನ ಉರಿ ನೀಲಿ ಹೋಗಿ ಹಳದಿಯಾದದ್ದನ್ನು ನೋಡಿದೆ. ಚಂದ ಕಂಡಿತು. ಸಣ್ಣಗೆ ತಲೆನೋವು ಬಂತು, ನೆಗಡಿ ಎಂದುಕೊಂಡೆ. ಲಿಲ್ಲಿ ಜಪಮಾಲೆ ಹಿಡಿದು ಪ್ರಾರ್ಥನೆ ಹೇಳುತ್ತಿದ್ದಳು. ಒಂದು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಡೆನಿಸನ ಭುಜಕ್ಕೆ ಒರಗಿದಳು. ಅವನು ಆಗಲೇ ಗೊರಕೆ ಹೊಡೆಯುತ್ತಿದ್ದ. ನನ್ನ ತಂಗಿ ಪ್ರಾರ್ಥನೆಯನ್ನು ಅರ್ಧಕ್ಕೆ ಬಿಡುವವಳಲ್ಲ. ಏಳಬೇಕು ಅನ್ನಿಸಿತು. ಆಮೇಲೆ ಏಳುವ ಅನ್ನಿಸಿತು.

ಆಗ ಹೊರಗಿನಿಂದ ಸಾಲಿಮನ ದನಿ. ಸಲಾಮು, ಹೇಗಿದ್ದೀರಿ, ಮೈ ಹೇಗಿದೆ. ಕೊನೆಗೆ, "ಶೈ ಉಲೂಮ್?"

ಉತ್ತರ ನನಗೆ ಗೊತ್ತಿತ್ತು. ಎರಡೇ ಶಬ್ದ. ಮೂವತ್ತೆರಡು ವರ್ಷ ಮೈದಾನದ ಈ ತುದಿಯಿಂದ ಆ ತುದಿಗೆ ಕೂಗಿದ ಗಂಟಲು ನನ್ನದು. ನಾಲಿಗೆ ಏಳಲಿಲ್ಲ. ಅವನು ಇನ್ನೊಮ್ಮೆ ಕೇಳಿದ. ಸೀಟಿ ಎದೆಯ ಮೇಲೇ ಇತ್ತು, ಕೈ ಅಲ್ಲಿಗೆ ಹೋಗಲಿಲ್ಲ. ನನಗೆ ಅಂಥ ಹೆದರಿಕೆ ಜನ್ಮದಲ್ಲಿ ಆಗಿರಲಿಲ್ಲ. ಮೂರನೆಯ ಸಲ ಕೇಳಿದ. ಆಮೇಲೆ ಟರ್ಪಾಲು ಸೀಳುವ ಶಬ್ದ, ಬಾಗಿಲು ಒದೆಯುವ ಶಬ್ದ, ಮುಖಕ್ಕೆ ಬಡಿದ ಚಳಿ.

ಕಣ್ಣು ಬಿಟ್ಟಾಗ ನಾನು ಹೊರಗೆ ನೆಲದ ಮೇಲಿದ್ದೆ. ನೆಲವೆಲ್ಲ ಬೆಳ್ಳಗೆ ಆಲಿಕಲ್ಲು. ಡೆನಿಸ್ ನಾಲ್ಕು ಕಾಲಲ್ಲಿ ತೆವಳುತ್ತಾ ಲಿಲ್ಲಿಯ ಹತ್ತಿರ ಹೋಗುತ್ತಿದ್ದ. ಸಾಲಿಂ ಅವಳ ಮುಖಕ್ಕೆ ಗಾಳಿ ಬೀಸುತ್ತಿದ್ದ. ಅವಳ ಬೆರಳಿಗೆ ಜಪಮಾಲೆ ಸುತ್ತಿಕೊಂಡೇ ಇತ್ತು, ಬೆರಳು ಅಲ್ಲಾಡುತ್ತಿರಲಿಲ್ಲ.

"ಇಳಿಯುವ, ಲಿಲ್ಲಿ," ಎಂದು ಡೆನಿಸ್ ಸಣ್ಣ ಮಗುವಿನ ಹಾಗೆ ಅತ್ತ. "ಖಲಾಸ್. ನಂಗೆ ಬೇಡ ಇದು. ಇಳಿಯುವ, ಏಳು. ಇಳಿಯುವ."

ನಾನು ಸೀಟಿ ಊದಲಿಲ್ಲ.

ಕೆಳಗೆ

ಸಾಲಿಮನ ಅಳಿಯ ತನ್ನ ಗಾಡಿಯಲ್ಲಿ ನಮ್ಮನ್ನು ಕೆಳಗಿನ ಊರಿನ ಆಸ್ಪತ್ರೆಗೆ ಇಳಿಸಿದ. ಲಿಲ್ಲಿ ದಾರಿಯಲ್ಲೇ ವಾಂತಿ ಮಾಡಿಕೊಂಡಳು. ವಾಂತಿಯನ್ನು ಅಷ್ಟು ಸಂತೋಷದಿಂದ ನೋಡಿದವರು ನಾವಿಬ್ಬರೇ ಇರಬೇಕು. ಮೂವರ ಮುಖಕ್ಕೂ ಆಮ್ಲಜನಕದ ಕವಚ ಕಟ್ಟಿದರು. ಕೇರಳದ ನರ್ಸ್ ಒಬ್ಬಳು ಬಂದು, ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿದರೆ ವಾಸನೆಯಿಲ್ಲದ ವಿಷಗಾಳಿ ತುಂಬಿ ಏನಾಗುತ್ತದೆ ಎಂದು ಹತ್ತು ನಿಮಿಷ ಬೈದಳು. ಮೂವತ್ತೆರಡು ವರ್ಷದ ಅನುಭವದಿಂದ ಹೇಳುತ್ತೇನೆ, ಅಷ್ಟು ಶಿಸ್ತಾಗಿ ಬೈಯಲು ನನಗೆ ಬರುತ್ತಿರಲಿಲ್ಲ.

ಮರುದಿನ ಸಾಲಿಂ ನೋಡಲು ಬಂದ. ನಾನು ಅವನ ಕೈ ಹಿಡಿದು, ನಮಗೆ ಹಾಗಾದದ್ದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವನಿಗೆ ಗೊತ್ತೇ ಇರಲಿಲ್ಲವಂತೆ. ಅವನ ಒಂದು ಆಡು ನಮ್ಮ ಟರ್ಪಾಲಿನ ಮೂಲೆ ತಿಂದಿತ್ತು, ಕ್ಷಮೆ ಕೇಳಲು ಬಂದಿದ್ದ.

"ಸುದ್ದಿ ಕೇಳಿದೆ. ಉತ್ತರ ಬರಲಿಲ್ಲ," ಎಂದ ತನ್ನ ಹಿಂದಿಯಲ್ಲಿ. "ಸುದ್ದಿ ಇದ್ದವನೂ ಇಲ್ಲ ಅನ್ನುತ್ತಾನೆ, ಇಲ್ಲದವನೂ ಇಲ್ಲ ಅನ್ನುತ್ತಾನೆ. ನನ್ನ ಮೇಲೆ ಸಿಟ್ಟಿದ್ದವನೂ ಅನ್ನುತ್ತಾನೆ. ಏನೂ ಅನ್ನದೆ ಇರುವವನು ಒಬ್ಬನೇ." ಅದು ಯಾರೆಂದು ಅವನು ಹೇಳಲಿಲ್ಲ. ಆಮೇಲೆ ಟರ್ಪಾಲು ಕೊಯ್ದದ್ದಕ್ಕೂ ಸೇರಿಸಿ ಕ್ಷಮೆ ಕೇಳಿದ.

ಅವನ ಹಾಜರಿ ಪುಸ್ತಕದ ಬಗ್ಗೆ ನಕ್ಕಿದ್ದೆನಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ. ಮುಖಕ್ಕೆ ಕವಚ ಇದ್ದದ್ದರಿಂದ ಪೂರ್ತಿ ತಗ್ಗಿಸಲೂ ಆಗಲಿಲ್ಲ.

ಅವನು ಹೋದ ಮೇಲೆ ಡೆನಿಸ್ ಲಿಲ್ಲಿಯ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡ.

"ಭಾವ, ತೀರ್ಪು ಕೊಡಿ. ನಾನೇ ಮೊದಲು ಹೇಳಿದ್ದು. ನಾನು ಸೋತೆ."

ಲಿಲ್ಲಿ ಮುಖದ ಕವಚ ಸರಿಸಿದಳು. "ನೀವು ಹೇಳಿದ್ದು ನಂಗೆ ಕೇಳ್ಲಿಲ್ಲ. ಪ್ರಜ್ಞೆ ಇರ್ಲಿಲ್ಲ ಅಲ್ವಾ? ಇನ್ನೊಮ್ಮೆ ಹೇಳಿ."

"ಇಳಿಯುವ," ಎಂದ ಡೆನಿಸ್.

"ಇಳಿದು?"

"ಮನೆ ಕಟ್ಟುವ. ಗೋಡೆ, ಹೊಸ್ತಿಲು ಎಲ್ಲ."

"ಕಿಟಕಿ?"

"ನೀನು ಹೇಳಿದಷ್ಟು."

ಅವಳು ಕವಚವನ್ನು ಮತ್ತೆ ಮುಖಕ್ಕೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಪಂದ್ಯದ ಮೂವತ್ತರಲ್ಲಿ ಇನ್ನೂ ಆರು ದಿನ ಉಳಿದಿತ್ತು.

ಕಾಪು

ಕಾರವಾನ್ ಈಗ ಬೆಟ್ಟದ ಮೇಲೆಯೇ ಇದೆ. ಸಾಲಿಂ ಅದರಲ್ಲಿ ಆಡಿನ ಮರಿಗಳನ್ನು ಕಟ್ಟುತ್ತಾನೆ, ಬಾಗಿಲನ್ನೂ ಕಿಂಡಿಗಳನ್ನೂ ಕಿತ್ತು ಬಿಸಾಡಿ. ಟರ್ಪಾಲಿನ ಉಳಿದ ಭಾಗವನ್ನು ಆಡುಗಳು ತಿಂದು ಮುಗಿಸಿದವಂತೆ. ಡೆನಿಸ್ ಹೇಳಿದ್ದು ಸುಳ್ಳಲ್ಲ, ಕಾಪುವಿನ ಮಾಲಿಗೆ ದಮ್ಮಿತ್ತು.

ನನ್ನ ಮನೆಯ ಪಕ್ಕದಲ್ಲಿ ಅವರ ಮನೆ ಎದ್ದಿದೆ. ಮೂರು ಕೋಣೆ, ಹದಿನಾಲ್ಕು ಕಿಟಕಿ. ಇದು ಮನೆಯೋ ಶಾಲೆಯೋ ಎಂದು ಮೇಸ್ತ್ರಿ ಎರಡು ಸಲ ಕೇಳಿದ. ಮಳೆಗಾಲದಲ್ಲಿ ಎಲ್ಲ ಕಿಟಕಿಗಳಿಂದಲೂ ಎರಚಲು ಬಡಿಯುತ್ತದೆ, ಡೆನಿಸ್ ಒರೆಸುತ್ತಾ ತಿರುಗುತ್ತಾನೆ, ಒಂದನ್ನೂ ಮುಚ್ಚುವ ಧೈರ್ಯ ಅವನಿಗಿಲ್ಲ. ಹೊಸ್ತಿಲಿನ ಎಡಗಡೆ ನೆಲದಲ್ಲೇ ಕರಿಬೇವಿನ ಗಿಡ ನೆಟ್ಟಿದ್ದಾಳೆ ಲಿಲ್ಲಿ. ಕುಂಡವನ್ನು ಒಡೆದು ಹಾಕಿದಳು.

ದಿನಾ ಬೆಳಿಗ್ಗೆ ಅವಳು ಕಾಂಪೌಂಡಿನ ಆಚೆಯಿಂದ ಕೂಗುತ್ತಾಳೆ, "ಅಣ್ಣಾ, ಶೈ ಉಲೂಮ್?" ನಾನು "ಮಾ ಶೈ" ಎನ್ನಬೇಕು. ಬೀದಿಯವರಿಗೆಲ್ಲ ನಾವು ಯಾವುದೋ ಹೊಸ ಪ್ರಾರ್ಥನೆ ಕಲಿತು ಬಂದಿದ್ದೇವೆ ಎಂಬ ಗುಮಾನಿ. ಕಳೆದ ತಿಂಗಳು ಒಂದು ದಿನ, ನೋಡುವ ಏನು ಮಾಡುತ್ತಾರೆ ಎಂದು, ಸೊಳ್ಳೆ ಪರದೆಯೊಳಗೆ ಸುಮ್ಮನೆ ಮಲಗಿದ್ದೆ. ಕೇಳಿದಳು. ಸುಮ್ಮನಿದ್ದೆ. ಇನ್ನೊಮ್ಮೆ ಕೇಳಿದಳು. ಮೂರನೆಯ ಸಲದ ಹೊತ್ತಿಗೆ ಡೆನಿಸ್ ಗೋಡೆ ಹಾರಿ, ಹಿತ್ತಿಲ ಬಾಗಿಲು ಒದ್ದು, ಮೀನು ಕೊಯ್ಯುವ ಚೂರಿಯಿಂದ ನನ್ನ ಹೊಸ ಪರದೆಯನ್ನು ಮೇಲಿಂದ ಕೆಳಗೆ ಸೀಳಿಯಾಗಿತ್ತು. ಹಿಂದಿನಿಂದ ಓಡಿ ಬಂದ ಲಿಲ್ಲಿ, ನಾನು ಕಣ್ಣು ಪಿಳುಕಿಸುವುದನ್ನು ಕಂಡು ಮೊದಲು ಅತ್ತಳು, ಆಮೇಲೆ ಆ ನರ್ಸಿಗಿಂತ ಚೆನ್ನಾಗಿ ಬೈದಳು.

ಹೆಂಡತಿ ಹೋದ ಮೇಲೆ ನಾನು ಎದ್ದೆನೋ ಇಲ್ಲವೋ ಎಂದು ಕೇಳುವವರು ಯಾರೂ ಇರಲಿಲ್ಲ. ಈಗ ಕೇಳದೆ ಬಿಡುವವರಿಲ್ಲ. ಪರದೆಗೆ ಹೊಲಿಗೆ ಹಾಕಿಸಿದ್ದೇನೆ. ಬೆಳಿಗ್ಗೆ ಎಚ್ಚರವಾದ ಮೇಲೂ ಏಳದೆ, ಅವಳ ಕೂಗು ಬರುವ ತನಕ ಕಾಯುತ್ತಾ ಮಲಗಿರುತ್ತೇನೆ.